ತಿರುಪಿನ ತಲೆಯೂ ಕೊಂಡವನ ಕೈಯೂ

ಹಣ ತೆತ್ತು ಮನೆಗೆ ತಂದ ವಸ್ತುವನ್ನು ಬಿಚ್ಚಿ ನೋಡುವುದು ಒಂದು ಬಗೆಯ ಅಪರಾಧವೆಂಬ ಭಾವನೆ ನಮ್ಮಲ್ಲಿ ಮೆಲ್ಲಮೆಲ್ಲನೆ ಬೇರೂರುತ್ತಿದೆ. ಒಳ್ಳೆಯ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಮೊನ್ನೆ, "ಮಾಷ್ಟ್ರೇ, ಈಗ ಅದನ್ನೆಲ್ಲ ಬಿಚ್ಚಲಿಕ್ಕೆ ಹೋಗಬಾರದು, ಹಾಳಾದರೆ ಹೊಸತು ತೆಗೆದುಕೊಳ್ಳುವುದು" ಎಂದರು. ಅವರ ಮೇಲೆ ನನಗೆ ಪ್ರೀತಿಯಿದೆ. ಮಾತನ್ನು ಮಾತ್ರ ಒಪ್ಪಲಾರೆ.

ನಮ್ಮ ಮನೆಯ ಮಿಕ್ಸಿಯ ಅಡಿಯಲ್ಲಿ ನಾಲ್ಕು ತಿರುಪುಗಳಿವೆ. ಮೂರರದ್ದು ಎಲ್ಲರಿಗೂ ಪರಿಚಿತವಾದ ಪ್ಲಸ್ ತಲೆ. ನಾಲ್ಕನೆಯದರ ತಲೆಯಲ್ಲಿ ಮೂರು ರೆಕ್ಕೆಗಳ ವಿಚಿತ್ರ ಗುಳಿ. ಬಿಗಿತಕ್ಕಾಗಿ ಈ ಏರ್ಪಾಡು ಎನ್ನುವುದಾದರೆ ಉಳಿದ ಮೂರಕ್ಕೆ ಬಿಗಿತ ಬೇಡವಾಯಿತೆ? ರಿಪೇರಿ ಕೇಂದ್ರದವರು ಮೋಟಾರನ್ನೇ ಬದಲಿಸಬೇಕೆಂದರು. ಹಳೆಯ ಸ್ಕ್ರೂಡ್ರೈವರಿನ ತುದಿಗೆ ಅರ ಹಾಕಿ ಮೂರು ಏಣು ತೆಗೆದು ತೆರೆದಾಗ ಸವೆದಿದ್ದುದು ಕಾರ್ಬನ್ ಬ್ರಷ್. ಸವೆಯಲೆಂದೇ ಮಾಡಿದ, ತೀರ ಅಗ್ಗದ ತುಂಡು.

ವಿಚಿತ್ರ ತಲೆಗಳೆಲ್ಲ ಕುತಂತ್ರವೆಂದು ನಾನು ಹೇಳುತ್ತಿಲ್ಲ. 1967ರಲ್ಲಿ ಬಂದ ಆರು ಎಸಳಿನ ಟಾರ್ಕ್ಸ್ ತಲೆಗೆ ಸಕಾರಣವಿದೆ: ಪ್ಲಸ್ ತಲೆಯಲ್ಲಿ ಉಳಿ ಜಾರಿ ಮೇಲೇಳುವಂತೆ ಅದರಲ್ಲಿ ಏಳುವುದಿಲ್ಲ. ಆದರೆ 2009ರಲ್ಲಿ ಆಪಲ್ ಕಂಪೆನಿಯ ಲ್ಯಾಪ್‌ಟಾಪಿನಲ್ಲಿ ಕಾಣಿಸಿಕೊಂಡು ಮುಂದೆ ಐಫೋನಿಗೂ ಬಂದ ಐದೆಸಳಿನ ತಲೆಗೆ ಅಂತಹ ಯಾವ ಅಗತ್ಯವಿತ್ತು? ಪೇಟೆಯಲ್ಲಿ ಯಾರ ಬಳಿಯೂ ಆಗ ಅದಕ್ಕೆ ಹೊಂದುವ ಉಳಿ ಇರಲಿಲ್ಲ. ನನ್ನ ಎಣಿಕೆಯಲ್ಲಿ ಅದೇ ಅದರ ಗುಣ. ರೈಲುಗಾಡಿಯಲ್ಲಿ ಕಳ್ಳರಿಂದ ನಲ್ಲಿಯನ್ನು ಕಾಯಲು ಹಾಕಿದ ಬೀಗದ ತಿರುಪಿಗೆ ನಾನು ಕೈಮುಗಿಯುತ್ತೇನೆ, ಏಕೆಂದರೆ ಅದರ ಕೀಲಿ ಒಡೆಯನಲ್ಲಿದೆ. ಮಿಕ್ಸಿಯನ್ನು ಕೊಂಡವನು ನಾನು. ಕೀಲಿ ಮಾರಿದವನ ಕಿಸೆಯಲ್ಲಿ!

ಸುರಕ್ಷತೆಯ ಮಾತೆತ್ತುವವರಿದ್ದಾರೆ. ಅದರಲ್ಲಿ ಸತ್ಯಾಂಶವಿದೆ. ಮೈಕ್ರೋವೇವ್ ಒಲೆಯ ಕೆಪಾಸಿಟರು ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಅದನ್ನು ತಿಳಿಯದವರು ಮುಟ್ಟಲೇಬಾರದು. ಹಾಗಿದ್ದರೆ ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಎಚ್ಚರಿಕೆ ಬರೆಯಲಿ. ಬರೆಯುವುದಿಲ್ಲ, ತಿರುಪಿನ ತಲೆ ಮಾತ್ರ ಬದಲಿಸುತ್ತಾರೆ.

ಇನ್ನು "ಜುಗಾಡ್" ಎಂಬ ಹೀಯಾಳಿಕೆ. ನಮ್ಮ ಕಾಟಿಪಳ್ಳ, 1974ರಲ್ಲಿ ಪ್ರಧಾನ ಬಂದರೆನಿಸಿದ ಪಣಂಬೂರಿನ ಬಂದರಿಗಾಗಿ ನೆಲ ಬಿಟ್ಟುಕೊಟ್ಟವರ ಪುನರ್ವಸತಿಯಿಂದ ಬೆಳೆದ ಊರು. ಕಡಲು ದೂರವಿಲ್ಲ, ಉಪ್ಪುಗಾಳಿಗೆ ಗೇಟಿನ ಬೋಲ್ಟೂ ಪಂಪಿನ ನಟ್ಟೂ ಹಿಡಿದುಕೊಳ್ಳುತ್ತವೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮರೆಯ ಸಂದುಗಳಲ್ಲಿ ಅದು ಬೆಣೆಯಂತೆ ಕೂರುತ್ತದೆ. ರಾತ್ರಿ ಸೀಮೆಎಣ್ಣೆ ಹನಿಸಿ, ಬೆಳಿಗ್ಗೆ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಬಿಚ್ಚುವ ಮೊದಲು ತುಸು ಬಿಗಿದು ನೋಡುವ ಕ್ರಮದ ಹಿಂದೆ ಭೌತಶಾಸ್ತ್ರವಿದೆ. ತಲೆ ಉರುಟಾಗಿದ್ದರೆ ಅದರ ಮೇಲೊಂದು ನಟ್ಟು ಇಟ್ಟು ವೆಲ್ಡಿಂಗ್ ಮಾಡಿಸುತ್ತಾರೆ. ಆ ಕಾವಿಗೆ ತುಕ್ಕಿನ ಹಿಡಿತವೂ ಸಡಿಲುತ್ತದೆ. 10 ಮಿ.ಮೀ. ಅಲೆನ್ ಕೀ ಇಲ್ಲವೆ? 6 ಮಿ.ಮೀ. ಬೋಲ್ಟಿನ ತಲೆ ಸಾಮಾನ್ಯವಾಗಿ ಅದೇ 10 ಮಿ.ಮೀ. ಅದನ್ನು ಗುಳಿಯೊಳಗೆ ತಲೆಕೆಳಗಾಗಿ ಕೂರಿಸಿ, ಮೇಲೆದ್ದ ಕಾಲಿಗೆ ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು ಸ್ಪ್ಯಾನರ್ ಹಾಕಿದರೆ ಕೀಲಿ ಸಿದ್ಧ. ಎರಡು ತೂತಿನ ತಲೆಗೆ, ಜಾಮಿಟ್ರಿ ಪೆಟ್ಟಿಗೆಯ ವಿಭಾಜಕದ ಮೊನೆಗಳನ್ನು ಕಲ್ಲಿಗೆ ತಿಕ್ಕಿ ಮೊಂಡು ಮಾಡಿದರೆ ಸಾಕು. (ಅದನ್ನು ಬೇರೆ ಯಾವುದಕ್ಕೂ ಬಳಸದ ವಿದ್ಯಾರ್ಥಿಗಳನ್ನು ನಾನು ಬಹಳ ಕಂಡಿದ್ದೇನೆ.) ಪುಟ್ಟ ತಿರುಪಿಗೆ ಕಾಯಿಸಿ ಮೆತ್ತಗಾದ ಪೆನ್ನಿನ ಪ್ಲಾಸ್ಟಿಕ್ ತುದಿಯನ್ನು ಒತ್ತಿ, ಆರಿದ ಮೇಲೆ ತಿರುಗಿಸುವುದುಂಟು, ಬಿಗಿ ತಿರುಪಿಗೆ ಇದು ನಡೆಯದು. ಸೈಕಲ್ಲಿನ ಎಡ ಪೆಡಲಿನ ಮರೆ ಉಲ್ಟಾ ಎಂಬುದನ್ನು ಕೈಯಿಂದ ಕಲಿತವನು ಮರೆಯುವುದಿಲ್ಲ, ಪುಸ್ತಕದಿಂದ ಕಲಿತವನು ಪರೀಕ್ಷೆ ಮುಗಿದೊಡನೆ ಮರೆಯುತ್ತಾನೆ. ಇದನ್ನು ಹೀಯಾಳಿಸುವವರು ಯಾವ ವಿದ್ಯೆಯನ್ನು ಗೌರವಿಸುತ್ತಾರೋ ನಾನರಿಯೆ.

ಯುರೋಪಿನ ಒಕ್ಕೂಟವು 2023ರ ಬ್ಯಾಟರಿ ನಿಯಮದಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರನೇ ತೆಗೆಯುವಂತಿರಬೇಕೆಂದು ವಿಧಿಸಿ, 2027ರ ಫೆಬ್ರವರಿ 18ನ್ನು ಗಡುವಾಗಿ ಇಟ್ಟಿತು. ವಿಶೇಷ ಉಪಕರಣ ಬೇಕಾದರೆ ಅದನ್ನು ವಸ್ತುವಿನ ಜತೆ ಉಚಿತವಾಗಿ ಕೊಡಬೇಕಂತೆ. ನಮ್ಮ ಕೇಂದ್ರ ಸರಕಾರವೂ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಕುರಿತು ಸಮಿತಿ ರಚಿಸಿ, ಅದೇ ವರ್ಷ ಡಿಸೆಂಬರ್ 24ರಂದು ಪೋರ್ಟಲ್ ತೆರೆಯಿತು. ಒಳ್ಳೆಯದೇ, ಆದರೆ ಪೋರ್ಟಲ್ ಎಂಬುದು ಕಾನೂನಲ್ಲ, ಅದರಿಂದ ನಾಲ್ಕನೆಯ ತಿರುಪು ತಿರುಗದು.

ಹಿಂದೆ ಹೊಲಿಗೆಯ ಯಂತ್ರ ಕೊಂಡರೆ ಅದರ ಡಬ್ಬಿಯಲ್ಲೇ ಪುಟ್ಟ ಸ್ಕ್ರೂಡ್ರೈವರೂ ಎಣ್ಣೆಯ ಕುಪ್ಪಿಯೂ ಇರುತ್ತಿದ್ದವು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಇಂತಹ ವಸ್ತುಗಳನ್ನು ರೂಪಿಸುವ ಕಂಪೆನಿಗಳಲ್ಲೇ ಇದ್ದೀರಿ. ಮುಂದಿನ ಮಾದರಿಯ ನಕ್ಷೆ ನಿಮ್ಮ ಮೇಜಿಗೆ ಬಂದಾಗ ಆ ನಾಲ್ಕನೆಯ ತಿರುಪು ಏಕೆಂದು ಸಭೆಯಲ್ಲಿ ಕೇಳಿ, ಅವರು ಕೊಡುವ ಉತ್ತರವನ್ನು ನನಗೆ ಬರೆದು ತಿಳಿಸಿ.