ಸತ್ತವರ ಮೇಲೇಕೆ ತಪ್ಪು?

ನಮ್ಮ ಭಾಷಣಕಾರರಿಗೂ ಲೇಖಕರಿಗೂ ಒಂದು ಅಗ್ಗದ ಉಪಮೆ ದೊರೆತಿದೆ. ತಮಗೆ ಹಿಡಿಸದ ಹಳೆಯ ಕಲೆಯನ್ನೋ ಕೈಕಸುಬನ್ನೋ ಹಳಿಯಬೇಕಾದಾಗ, ‘ಇದು ಡೈನೋಸಾರ್, ಕಾಲಕ್ಕೆ ಹೊಂದಿಕೊಳ್ಳದೆ ಅಳಿಯುವುದೇ ಇದರ ಹಣೆಬರಹ’ ಎಂದುಬಿಡುತ್ತಾರೆ. ಕೇಳಿದವರು ತಲೆದೂಗುತ್ತಾರೆ. ಆ ಪ್ರಾಣಿಯ ಪರವಾಗಿ ವಕಾಲತ್ತು ವಹಿಸುವವರೇ ಇಲ್ಲ.

ಹೊಂದಿಕೊಳ್ಳಲಿಲ್ಲವೆ? ಡೈನೋಸಾರ್‌ಗಳು ಈ ಭೂಮಿಯ ಮೇಲೆ 16 ಕೋಟಿ ವರ್ಷಗಳಿಗೂ ಮಿಕ್ಕಿ ಬಾಳಿದವು. ಮನುಷ್ಯ ಹುಟ್ಟಿ ಸುಮಾರು 3 ಲಕ್ಷ ವರ್ಷಗಳಾಗಿವೆ. ನಿನ್ನೆ ಬಂದ ಬಾಡಿಗೆದಾರ, ಹಿಂದೆ ಇದ್ದವನಿಗೆ ಸಂಸಾರ ಮಾಡಲು ಬರುತ್ತಿರಲಿಲ್ಲವೆಂದು ಆಡಿಕೊಂಡಂತಾಯಿತು!

ಒಂದು ಕಾಲಕ್ಕೆ ಪಂಡಿತರೂ ಹೀಗೆಯೇ ಹೇಳುತ್ತಿದ್ದರು: ಮೈ ದೊಡ್ಡದು, ಮಿದುಳು ಸಣ್ಣದು, ಕುಲಕ್ಕೇ ಮುಪ್ಪು ಬಂದಿತ್ತು, ಮೊಟ್ಟೆಗಳನ್ನು ಇಲಿಯಂಥ ಪ್ರಾಣಿಗಳು ತಿಂದು ಮುಗಿಸಿದವು. 1980ರಲ್ಲಿ ಲೂಯಿ ಆಲ್ವರೆಜ್, ಅವರ ಮಗ ವಾಲ್ಟರ್ ಮತ್ತು ಸಂಗಡಿಗರು ಬೇರೆಯೇ ಮಾತು ತೆಗೆದರು. ಇಟಲಿಯ ಗುಬ್ಬಿಯೋ ಬಳಿ, 6.6 ಕೋಟಿ ವರ್ಷ ಹಳೆಯ ಜೇಡಿಮಣ್ಣಿನ ತೆಳುಪದರದಲ್ಲಿ, ನೆಲದಲ್ಲಿ ಅತಿ ವಿರಳವಾದ ಇರಿಡಿಯಂ ಧಾತು ಹೇರಳವಾಗಿತ್ತು. ಆಕಾಶದಿಂದ ಬಿದ್ದ ಬಂಡೆಯೇ ಅದನ್ನು ತಂದದ್ದೆಂದು ಅವರ ವಾದ. 1991ರಲ್ಲಿ ಮೆಕ್ಸಿಕೋದ ಯುಕಟಾನ್‌ನಲ್ಲಿ ಹೂತುಹೋಗಿದ್ದ, ಸುಮಾರು 180 ಕಿಲೋಮೀಟರ್ ಅಗಲದ ಕುಳಿಯೇ ಅದರ ಗುರುತೆಂದು ವಿಜ್ಞಾನಿಗಳು ಪ್ರಕಟಿಸಿದರು.

ಗರ್ಟಾ ಕೆಲ್ಲರ್ ಮುಂತಾದವರು ಇದನ್ನು ಒಪ್ಪದೆ, ನಮ್ಮ ದಖ್ಖನ್ನಿನ ಲಾವಾರಸದತ್ತ ಬೆರಳು ತೋರಿದರು. ವಿಜಯಪುರ, ಬೀದರ್ ಕಡೆಯ ಕರಿಕಲ್ಲು ಆ ಬೆಂಕಿಯ ಶೇಷವೇ. ಇಂದು ಬಂಡೆಯ ಪಕ್ಷ ಪ್ರಬಲವಾಗಿದ್ದರೂ ಜಗಳ ಮುಗಿದಿಲ್ಲ. ಆದರೆ ಇಬ್ಬರೂ ಒಪ್ಪುವ ಮಾತೊಂದಿದೆ: ಕೇಡು ಹೊರಗಿನಿಂದ ಬಂತು. ಹವೆ ಕೆಟ್ಟಿತು, ಹಸಿರು ಬಾಡಿತು, ಅದನ್ನು ತಿನ್ನುವವು ಸತ್ತವು, ಅವನ್ನು ತಿನ್ನುವವೂ ಸತ್ತವು. ಇದರಲ್ಲಿ ಪ್ರಾಣಿಯ ಅಪರಾಧವೇನು?

ಗಾತ್ರವೇ ಮುಳುವಾಯಿತಲ್ಲ ಎನ್ನಬಹುದು. ನಿಜ, ಬರಗಾಲದಲ್ಲಿ ದೊಡ್ಡ ಹೊಟ್ಟೆಗೆ ಹೆಚ್ಚು ಕಷ್ಟ. ಆದರೆ ಕೋಳಿಗಾತ್ರದ ಡೈನೋಸಾರ್‌ಗಳೂ ಸತ್ತವು, ಮೊಸಳೆಗಳು ಉಳಿದವು. ಡೈನೋಸಾರ್ ವಂಶದ ಒಂದು ಕವಲು ಹಕ್ಕಿಯಾಗಿ ಇಂದಿಗೂ ನಮ್ಮ ಹಿತ್ತಿಲಲ್ಲಿ ಕಾಳು ಹೆಕ್ಕುತ್ತಿದೆ.

ಉಳಿದದ್ದೆಲ್ಲ ಯೋಗ್ಯ, ಅಳಿದದ್ದೆಲ್ಲ ಅಯೋಗ್ಯ ಎಂಬುದು ವಿಜ್ಞಾನವಲ್ಲ. ಉಳಿದವರು ತಮಗೆ ತಾವೇ ಹೇಳಿಕೊಳ್ಳುವ ಹೊಗಳಿಕೆ. ಮಗ್ಗ ನಿಂತುಹೋದ ನೇಕಾರನನ್ನು ಡೈನೋಸಾರ್ ಎಂದು ಹಂಗಿಸುವವರು, ಅವನ ಮೇಲೆ ಬಿದ್ದ ಬಂಡೆ ಯಾವುದೆಂದು ಮೊದಲು ವಿಚಾರಿಸಲಿ. ಯುಕಟಾನಿನ ಬಂಡೆಯನ್ನು ಯಾರೂ ಎಸೆದಿರಲಿಲ್ಲ. ನೇಕಾರನ ವಿಷಯದಲ್ಲಿ ಹಾಗೆನ್ನುವ ಧೈರ್ಯ ನನಗಿಲ್ಲ.