ಹೃದಯದೋಷದ ಮಗುವಿಗೆ ಆಟ ಬೇಡವೇ?

ಆಟದ ಪೀರಿಯಡ್ಡಿನಲ್ಲಿ ಎಲ್ಲ ಮಕ್ಕಳೂ ಮೈದಾನದಲ್ಲಿದ್ದರೆ, ಒಂದು ಮಗು ಮಾತ್ರ ಮರದಡಿ ಕುಳಿತು ಉಳಿದವರ ಚಪ್ಪಲಿ ಕಾಯುತ್ತಿರುತ್ತದೆ. ‘ಅವನಿಗೆ ಹಾರ್ಟ್ ತೊಂದರೆ, ಓಡಬಾರದು’ ಎನ್ನುತ್ತಾರೆ ಮೇಷ್ಟರು. ಹಾಗೆಂದು ಹೇಳಿದವರಾರು? ಮೇಷ್ಟರು ತಂದೆತಾಯಿಯರತ್ತ ಬೆರಳು ತೋರಿಸುತ್ತಾರೆ, ತಂದೆತಾಯಿ ವೈದ್ಯರತ್ತ. ವೈದ್ಯರ ಹಳೆಯ ಚೀಟಿಯಲ್ಲಿರುವುದು ‘ಶ್ರಮ ಬೇಡ’ ಎಂಬ ಎರಡೇ ಪದ. ಅದೂ ಎಷ್ಟೋ ಸಲ ಆಪರೇಷನ್ನಿಗೆ ಮುಂಚೆ ಬರೆದದ್ದು!

ಹುಟ್ಟುವ ಪ್ರತಿ 1000 ಮಕ್ಕಳಲ್ಲಿ ಸುಮಾರು 8 ಮಕ್ಕಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷವಿರುತ್ತದೆ. ಗೋಡೆಯಲ್ಲಿ ರಂಧ್ರ, ಕಿರಿದಾದ ಕವಾಟ, ‘ನೀಲಿ ಮಗು’ವನ್ನಾಗಿಸುವ ಫ್ಯಾಲೋ ದೋಷ ಇವು ಕೆಲವು. ಫ್ಯಾಲೋ ದೋಷವನ್ನು ಹೃದಯ ತೆರೆದು ಪೂರ್ತಿ ಸರಿಪಡಿಸಿದ್ದು ಮೊದಲ ಬಾರಿಗೆ 1954ರಲ್ಲಿ, ಅಮೆರಿಕದಲ್ಲಿ. ಅಂದು ‘ಮಗು ಉಳಿಯುತ್ತದೆಯೇ?’ ಎಂಬುದೇ ಪ್ರಶ್ನೆಯಾಗಿತ್ತು. ಇಂದು ಸಕಾಲದಲ್ಲಿ ಚಿಕಿತ್ಸೆ ಪಡೆದ ಬಹುಪಾಲು ಮಕ್ಕಳು ದೊಡ್ಡವರಾಗುತ್ತಾರೆ. ಆದ್ದರಿಂದ ಅವರು ಹೇಗೆ ಬದುಕುತ್ತಾರೆ ಎಂದು ನಾವು ಈಗ ಕೇಳಬೇಕಾಗಿದೆ.

ವ್ಯಾಯಾಮ ಮಾಡಿದ ಸ್ನಾಯುಗಳು ರಕ್ತದಿಂದ ಆಮ್ಲಜನಕವನ್ನು ಚೆನ್ನಾಗಿ ಹೀರಿಕೊಳ್ಳುವುದನ್ನು ಕಲಿಯುತ್ತವೆ. ಅಷ್ಟೇ ಕೆಲಸಕ್ಕೆ ಹೃದಯ ಪಡಬೇಕಾದ ಶ್ರಮ ಕಡಿಮೆಯಾಗುತ್ತದೆ. ಸದಾ ಕುಳಿತೇ ಇರುವ ಮಗುವಿನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಸ್ನಾಯುಗಳು ಸೊರಗಿ, ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ‘ನೋಡಿ, ಹೃದಯ ತಡೆಯಲಿಲ್ಲ’ ಎಂದು ಮನೆಯವರು ಮಗುವನ್ನು ಮತ್ತಷ್ಟು ಕೂರಿಸುತ್ತಾರೆ. ಜೊತೆಗೆ ಬೊಜ್ಜು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಸೇರಿದರೆ, ಹುಟ್ಟಿನ ದೋಷದ ಮೇಲೆ ನಾವೇ ಇನ್ನೊಂದು ಹೃದ್ರೋಗವನ್ನು ಹೇರಿದಂತಾಗುತ್ತದೆ.

ಹಾಗೆಂದು ಎಲ್ಲರಿಗೂ ಎಲ್ಲ ಆಟವೂ ಸಲ್ಲದು. ಮಹಾಪಧಮನಿಯ ಕವಾಟ ತೀರಾ ಕಿರಿದಾಗಿದ್ದರೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಬಹಳ ಏರಿದ್ದರೆ, ಹೃದಯದ ಬಡಿತ ಅಪಾಯಕರವಾಗಿ ತಾಳ ತಪ್ಪುತ್ತಿದ್ದರೆ ಬಿರುಸಿನ ಆಟ ಕೂಡದು. ಮಹಾಪಧಮನಿ ಹಿಗ್ಗಿರುವವರು ಉಸಿರು ಬಿಗಿಹಿಡಿದು ಭಾರ ಎತ್ತಬಾರದು. ಕೃತಕ ಕವಾಟಕ್ಕಾಗಿ ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗುವವರಿಗೆ ಪೆಟ್ಟು ಬೀಳುವ ಕಬಡ್ಡಿ ಬೇಡ. ಎದೆ ತೆರೆದ ಆಪರೇಷನ್ನಿನ ನಂತರ ಮೂಳೆ ಕೂಡುವವರೆಗೆ ತಿಂಗಳುಗಟ್ಟಲೆ ಎಚ್ಚರಿಕೆ ಬೇಕು. ಆಟದ ನಡುವೆ ಎದೆನೋವು, ತಲೆಸುತ್ತು, ಎಚ್ಚರ ತಪ್ಪುವುದು, ತುಟಿ ನೀಲಿಯಾಗುವುದು ಕಂಡರೆ ಕೂಡಲೇ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಇಂಥವರಿಗೂ ಪೂರ್ಣ ವಿಶ್ರಾಂತಿಯೇ ಗತಿಯೆಂದಲ್ಲ. ನಿಧಾನದ ನಡಿಗೆ, ವೈದ್ಯರು ಒಪ್ಪಿದ ಸರಳ ಯೋಗಾಸನಗಳನ್ನು ಹಲವರು ಮಾಡಬಹುದು. ಸಣ್ಣ ರಂಧ್ರ ಮುಚ್ಚಿಹೋಗಿ, ತಪಾಸಣೆಯಲ್ಲಿ ಬೇರೇನೂ ತೊಂದರೆ ಕಾಣದ ಮಗುವಂತೂ ಸಾಮಾನ್ಯವಾಗಿ ಇತರ ಮಕ್ಕಳಂತೆಯೇ ಆಡಬಹುದು. ಹಿಮಹಲಗೆಯ ಆಟಗಾರ ಅಮೆರಿಕದ ಶಾನ್ ವೈಟ್ ಹುಟ್ಟಿದ್ದು ಫ್ಯಾಲೋ ದೋಷದೊಂದಿಗೆ. ಎಳೆತನದಲ್ಲೇ ಹೃದಯದ ಶಸ್ತ್ರಚಿಕಿತ್ಸೆಗಳಾದವು. 2006, 2010 ಮತ್ತು 2018ರ ಒಲಿಂಪಿಕ್ಸ್‌ನಲ್ಲಿ ಆತ ಚಿನ್ನ ಗೆದ್ದ. ಎಲ್ಲರೂ ಆತನಂತಾಗಬೇಕಿಲ್ಲ, ಆದರೆ ರೋಗದ ಹೆಸರು ಕೇಳಿದೊಡನೆ ಮಗುವನ್ನು ಕೂರಿಸುವುದು ಎಷ್ಟು ತಪ್ಪೆಂದು ಇದರಿಂದ ತಿಳಿಯುತ್ತದೆ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಎದೆಯ ಮೇಲಿನ ಗಾಯದ ಗುರುತು ಯಾರಿಗೂ ಕಾಣಬಾರದು, ನಾಳೆ ಮದುವೆಗೆ ಅಡ್ಡಿಯಾದೀತು ಎಂದು ಅವರನ್ನು ಆಟದಿಂದಲೇ ದೂರವಿಡುತ್ತಾರೆ. ಆದರೆ ಅದೇ ಹುಡುಗಿಯ ಕೈಗೆ ತುಂಬಿದ ಕೊಡ ಕೊಡಲು ಯಾರೂ ಹಿಂಜರಿಯುವುದಿಲ್ಲ! ನೀರು ಹೊರಬಲ್ಲ ಹುಡುಗಿ ಖೊಖೊ ಆಡಬಲ್ಲಳೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪೇನಿದೆ?

ನನ್ನ ಅಭಿಪ್ರಾಯದಲ್ಲಿ ಮೊದಲು ಬದಲಾಗಬೇಕಾದವರು ವೈದ್ಯರು. ‘ಶ್ರಮ ಬೇಡ’ ಎಂದು ಬರೆದು ಕೈತೊಳೆದುಕೊಳ್ಳುವ ಬದಲು, ಮಗು ಯಾವ ಆಟ ಆಡಬಹುದು, ಎಷ್ಟು ಹೊತ್ತು, ಯಾವುದು ಕೂಡದು ಎಂಬುದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದುಕೊಡಲಿ. ಅಗತ್ಯವಿದ್ದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ ನಿರ್ಧರಿಸಲಿ. ಆ ಚೀಟಿ ಕೈಯಲ್ಲಿದ್ದರೆ ಮೇಷ್ಟರ ಭಯವೂ ಕಡಿಮೆಯಾದೀತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಶಾಲೆಗಳಿಗೆ ತಪಾಸಣಾ ತಂಡಗಳು ಬರುತ್ತವೆ. ದೋಷ ಪತ್ತೆಹಚ್ಚುವುದರ ಜೊತೆಗೆ, ಚಿಕಿತ್ಸೆಯಾದ ಮಗು ಮೈದಾನಕ್ಕೆ ಇಳಿದಿದೆಯೇ ಎಂದೂ ಅವು ವಿಚಾರಿಸಬೇಕು.

ತಂದೆತಾಯಿಯರೇ, ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ ‘ಏನು ಮಾಡಬಾರದು?’ ಎಂದು ಕೇಳಿ ಸುಮ್ಮನಾಗಬೇಡಿ. ‘ಏನೇನು ಮಾಡಬಹುದು?’ ಎಂದು ಕೇಳಿ, ಉತ್ತರವನ್ನು ಬರೆಸಿಕೊಂಡೇ ಬನ್ನಿ.