ಹಿತ್ತಾಳೆ ಬೆಸುಗೆಯ ಸೈಕಲ್
ಬೀದರ್, ಭಾಲ್ಕಿ, ಔರಾದ್‌ ರಸ್ತೆಗಳಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆ ಹೊತ್ತು ತಿರುಗಿದ ಹಳೆಯ ಉಕ್ಕಿನ ಸೈಕಲ್ಲನ್ನು ಒಮ್ಮೆ ಬಗ್ಗಿ ನೋಡಿ. ಹ್ಯಾಂಡಲ್ ಕೆಳಗೆ ಪೈಪಿನ ತುದಿಗಳು ‘ಲಗ್’ ಎಂಬ ಲೋಹದ ಗೂಡಿನೊಳಗೆ ಕೂತಿರುತ್ತವೆ. ಬಿಳಿಗಾರ ಹಚ್ಚಿ, ಕೆಂಪಗೆ ಕಾಯಿಸಿ, ಹಿತ್ತಾಳೆ ಕಡ್ಡಿ ತಾಗಿಸಿದರೆ ಸುಮಾರು 900 ಡಿಗ್ರಿಯಲ್ಲಿ ಅದು ಕರಗಿ ಸಂದಿಯೊಳಗೆ ತಾನಾಗಿ ಹರಿಯುತ್ತದೆ, ಉಕ್ಕು ಕರಗುವುದಿಲ್ಲ. ಶಾಖ ಮಿತಿಮೀರಿದರೆ ಪೈಪಿನ ಕಸುವು ಹೋಯಿತು, ಸಾಲದಿದ್ದರೆ ಬೆಸುಗೆ ಹಿಡಿಯದು. ಅದನ್ನು ಬಣ್ಣ ನೋಡಿಯೇ ಹೇಳುವ ಕಣ್ಣು ವರ್ಷಗಟ್ಟಲೆ ಪಳಗಿದ್ದು. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ರೆನಾಲ್ಡ್ಸ್ ತುದಿ ದಪ್ಪ, ನಡು ತೆಳುವಾದ ಪೈಪಿಗೆ 1897ರಲ್ಲಿ ಪೇಟೆಂಟ್ ಪಡೆದ. ಅವನ ಕಂಪನಿಯಿಂದ 1935ರಲ್ಲಿ ಬಂದ ‘531’ ಪೈಪಿನಿಂದ ಅಲ್ಲಿನ ಕುಶಲಕರ್ಮಿಗಳು ಸವಾರನ ಕಾಲು, ತೋಳಿನ ಅಳತೆಗೇ ಫ್ರೇಮ್ ಕಟ್ಟಿಕೊಟ್ಟರು. ನಾವೋ ಕಾರ್ಖಾನೆಯ ಅಳತೆಗೆ ಮೈ ಹೊಂದಿಸಿಕೊಂಡೆವು. ಸೀಟು ಎಟುಕದ ಮಕ್ಕಳು ಒಳಪೆಡಲ್ ಹೊಡೆದೇ ಕಲಿತರು. ಆದರೆ ಸತು–ತಾಮ್ರದ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂರಿಸುವ ಬಿದ್ರಿ ಕಲೆಯ ಕೈಗಳಿರುವ ಜಿಲ್ಲೆ ಬೀದರ್. ಲೋಹದ ಜೊತೆ ತಾಳ್ಮೆಯಿಂದ ದುಡಿಯುವುದು ಇಲ್ಲಿಗೆ ಹೊಸದಲ್ಲ. ಐಟಿಐ ವೆಲ್ಡಿಂಗ್ ಕೋಣೆಯಲ್ಲಿ ಫ್ರೇಮ್ ಹಿಡಿದಿಡುವ ಒಂದು ಜಿಗ್, ಒಂದಿಷ್ಟು ಒಳ್ಳೆಯ ಪೈಪು ಇಟ್ಟರೆ, ಔರಾದ್‌ನ ಶಾಲೆಯ ಹುಡುಗಿಗೆ ಅವಳ ಎತ್ತರದ್ದೇ ಫ್ರೇಮ್ ಇಲ್ಲೇ ಕಟ್ಟಬಹುದು.